ಕಳಕೊಂಡಾಳ ಅಂದ್ರ?

ಲಿಂಗಸುಗೂರು
೧೨ ಜೂನ್ ೧೯೩೮

ಅಣ್ಣ ಮಾನಪ್ಪನಿಗೆ ಗಾಳೆಮ್ಮನ ಶರಣು.

ನೀನು ಕಳಿಸಿದ ಇಂಗ್ಲಿಷ್ ರೀಡರ್ ಬಂದು ಮುಟ್ಟಿತು. ರೊಟ್ಟಿಗೆಂದು ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿಯನ್ನು ಇಲ್ಲಿಯ ಅಡಿಗೆಯ ಸರ್ದಾರಬಿಯೇ ಅರ್ಧ ತಿಂದಳು.

ದವಾಖಾನೆಯ ಕೆಲಸ ಕೈಗೆ ಹತ್ತಿದೆ. ಈಗ ರಕ್ತ ಕಂಡರೆ ಕಣ್ಣಿಗೆ ಕತ್ತಲೆ ಬರುವುದಿಲ್ಲ. ಚಳಿಗಾಲದಲ್ಲಿ ಹೈದರಾಬಾದಿನಲ್ಲಿ ನರ್ಸ್ ಪರೀಕ್ಷೆ. ಅದಕ್ಕೆ ಇಂಗ್ಲಿಷ್ ಬೇಕೇ ಬೇಕೆಂದು ನಮ್ಮ ವಿಲಾಯತಿ ಡಾಕ್ಟರಮ್ಮ ನನ್ನೊಡನೆ ಕನ್ನಡ ಮಾತಾಡುವುದನ್ನೇ ಬಿಟ್ಟಿದ್ದಾರೆ. ಅವರು ಆಡುವ ಮಾತಿನಲ್ಲಿ ನನ್ನನ್ನು ಬಹಳ ಕಾಡುವುದು 'ಲೂಜ್'. ಹೊತ್ತು ಕಳೆಯಬೇಡ ಎನ್ನಲು ಲೂಜ್. ಬಾಣಂತಿಗೆ ರಕ್ತ ಹೋದರೆ ಲೂಜ್. ಮುದುಕನ ಕಣ್ಣು ಹೋದರೂ, ಮೈ ಇಳಿದರೂ, ಬಂಡಿಯವನು ದಾರಿ ತಪ್ಪಿದರೂ, ಯಾರೋ ಮೊಕದ್ದಮೆ ಸೋತರೂ ಎಲ್ಲದಕ್ಕೂ ಅದೊಂದೇ, ಆಗಿಹೋದದ್ದಾದರೆ 'ಲಾಸ್ಟ್'. ನಿನ್ನೆ ಸರ್ದಾರಬಿಯ ಮೇಲೆ ರೇಗಿದವರು ಆಮೇಲೆ ನನ್ನ ಹತ್ತಿರ ಬಂದು 'ಐ ಲಾಸ್ಟ್ ಮೈ ಟೆಂಪರ್' ಎಂದರು. ನಮಗೆ ಸಿಟ್ಟು ಬರುತ್ತದೆ, ಅವರಿಗೆ ಅದೇ ಹೊತ್ತಿನಲ್ಲಿ ಏನೋ ಕಳೆದುಹೋಗುತ್ತದೆ! ಅರ್ಥ ಹೇಳಿದ್ದಕ್ಕೆ ಸರ್ದಾರಬಿ, 'ಸಿಟ್ಟು ಕಳದ್ರ ಛಲೋ ಆತಲ್ಲ ಬೇ, ಮತ್ತ ನನಗ್ಯಾಕ ಬೈದ್ರು?' ಅಂದಳು.

ಇದನ್ನೆಲ್ಲ ಹೇಗೆ ನೆನಪಿಡಲಿ, ತಿಳಿದಂತೆ ಬರೆದು ಕಳಿಸು.

ಮಸ್ಕಿಯಿಂದ ನನ್ನ ಮಾವ ಆದಪ್ಪನ ಕಡೆಯವರು ಯಾರಾದರೂ ಇಲ್ಲಿಗೆ ಬಂದರೆ ನಾನು ಒಳಕೋಣೆಗೆ ಹೋಗಿಬಿಡುತ್ತೇನೆ. ಗಂಡನನ್ನು ನುಂಗಿದವಳು ಈಗ ಊರವರ ಹೇಸಿಗೆ ತೊಳೆಯುವುದಕ್ಕೆ ಹೊರಟಳು ಎಂದು ಅವರು ಚಾವಡಿಯ ಮುಂದೆ ನಿಂತು ಆಡಿದ್ದು ಇನ್ನೂ ಕಿವಿಯಲ್ಲಿದೆ. ಆ ಊರಿನ ಮಣ್ಣನ್ನು ನಾನು ಇನ್ನು ತುಳಿಯುವವಳಲ್ಲ. ಈ ಮಾತು ಅವ್ವನಿಗೆ ಓದಿ ಹೇಳಬೇಡ.

ನಿನ್ನ ತಂಗಿ
ಗಾಳೆಮ್ಮ


ಸಿಂಧನೂರು
೨೦ ಜೂನ್ ೧೯೩೮

ತಂಗಿ ಗಾಳೆಮ್ಮಗೆ ಮಾನಪ್ಪನ ಆಶೀರ್ವಾದ.

ಅವ್ವ ಆರಾಮ ಇದ್ದಾಳೆ. ವಿಧವೆ ಮಗಳನ್ನು ದವಾಖಾನೆಗೆ ಕಳಿಸಿದ್ದಕ್ಕೆ ಓಣಿಯವರು ಆಡಿಕೊಳ್ಳುವುದು ಕಡಿಮೆಯಾಗಿದೆ. ನೀನು ಪಾಸಾಗಿ ಬಂದರೆ ಪೂರ್ತಿ ನಿಲ್ಲುತ್ತದೆ.

ಲೂಜ್ ಎಂದರೆ ಕಳೆದುಕೊಳ್ಳುವುದು. ಟೊಪ್ಪಿಗೆ ಕಳೆಯಿತು, ಆಕಳು ಕಳೆಯಿತು, ಹಾಗೆ. ಮುಂದೆ ಯಾವ ಹೆಸರು ಬಂದರೂ ಅದಕ್ಕೆ 'ಕಳೆದುಕೊಂಡ' ಎಂದು ಹಚ್ಚು, ಎಲ್ಲಿಯೂ ತಪ್ಪುವುದಿಲ್ಲ. ನೀನು ಒಂದೊಂದಕ್ಕೂ ಒಂದೊಂದು ಅರ್ಥ ಹುಡುಕುತ್ತ ತಲೆ ಕೆಡಿಸಿಕೊಳ್ಳಬೇಡ. ಇಲ್ಲಿ ಕಚೇರಿಯ ಉರ್ದು ಓದುವವರು ಬೇಕಾದಷ್ಟು ಜನ ಇದ್ದಾರೆ, ಇಂಗ್ಲಿಷಿನ ತಂತಿ ತಾರು ಬಂದರೆ ಮಾತ್ರ ಊರೇ ನನ್ನ ಶಾಲೆಯ ಬಾಗಿಲಿಗೆ ಬರುತ್ತದೆ. ನಾನು ಇದೇ ಲೆಕ್ಕದಲ್ಲಿ ಓದಿ ಹೇಳುತ್ತ ಬಂದಿದ್ದೇನೆ.

ಶಾಲೆಯ ಹಿಂದೆ ಗಾಡಿ ಹೊಡೆಯುವ ಹುಸೇನಪ್ಪ ನಿನಗೆ ನೆನಪಿರಬೇಕು. ಅವನ ಹೆಂಡತಿ ಗದ್ದೆಮ್ಮ ಮೂರು ವರ್ಷದ ಮಗಳು ಆದಮ್ಮನನ್ನು ಕರೆದುಕೊಂಡು ಕಾರಹುಣ್ಣಿಮೆಗೆ ಮಸ್ಕಿಗೆ, ತವರಿಗೆ ಹೋದವಳು ಇನ್ನೂ ಬಂದಿಲ್ಲ. 'ಹುಡುಗಿ ಇಲ್ಲದ್ದಕ್ಕ ಎತ್ತು ಮೇವು ಮುಟ್ಟವಲ್ವು ಮಾಸ್ತರ' ಅನ್ನುತ್ತಾನೆ. ಊಟ ಮುಟ್ಟದವನು ಅವನೇ ಅಂತ ಅವ್ವ ದಿನಾ ಒಂದು ರೊಟ್ಟಿ ಕೊಡುತ್ತಾಳೆ.

ಮಾನಪ್ಪ


ಲಿಂಗಸುಗೂರು
೨೦ ಜುಲೈ ೧೯೩೮

ಅಣ್ಣಾ,

ಹುಸೇನಪ್ಪ ಯಾಕೆ ಬರಲಿಲ್ಲ? ತಾರು ಕಳಿಸಿ ಇಷ್ಟು ದಿನವಾಯಿತು. ಗದ್ದೆಮ್ಮ ಬಾಗಿಲ ಕಡೆಗೆ ಮುಖ ಮಾಡಿ ಮಲಗಿದವಳು ಮಗ್ಗಲು ಬದಲಿಸುತ್ತಿಲ್ಲ.

ತಾರು ಮುಟ್ಟಿಲ್ಲವೇನೋ ಎಂದು ಎಲ್ಲ ಬರೆಯುತ್ತೇನೆ. ಹದಿಮೂರನೆಯ ತಾರೀಖು ಗದ್ದೆಮ್ಮ ಮಗಳನ್ನು ಎತ್ತಿಕೊಂಡು ಬಸ್ಸಿನಿಂದ ಇಳಿದಳು. ಜೊತೆಗೆ ಮಸ್ಕಿಯ ಬಳೆಗಾರ್ತಿ ಮಕ್ತುಂಬೀ ಇದ್ದಳು, ಗದ್ದೆಮ್ಮನ ತವರಿನ ಪಕ್ಕದ ಮನೆಯವಳು. ತವರಿನಲ್ಲಿ ಇರುವುದು ಕಣ್ಣು ಮಂಜಾದ ಅವ್ವ ಒಬ್ಬಳೇ, ಅದಕ್ಕೆ ಈಕೆ ಬಂದಿದ್ದಳು. ಆದಮ್ಮನಿಗೆ ಗಂಟಲು ಕಟ್ಟಿತ್ತು. ಉಸಿರು ಎಳೆದರೆ ಸಿಳ್ಳೆ ಹಾಕಿದ ಹಾಗೆ ಸಪ್ಪಳ. ಅದು ಒಬ್ಬರಿಂದ ಒಬ್ಬರಿಗೆ ಹತ್ತುವ ಬೇನೆ, ಹೆಚ್ಚು ಜನ ಇರಬೇಡಿ ಎಂದು ಡಾಕ್ಟರಮ್ಮ ಮಕ್ತುಂಬಿಯನ್ನು ಅಂದೇ ಊರಿಗೆ ಕಳಿಸಿದರು. ಕೂಸಿನ ಕೈಯ ಬೆಳ್ಳಿ ಕಡಗ ಬಿಚ್ಚಿ, ಇಲ್ಲಿ ಯಾರ ಕೈಗಾದರೂ ಸಿಕ್ಕೀತು ಎಂದು ಗದ್ದೆಮ್ಮ ಅದನ್ನು ಮಕ್ತುಂಬಿಯ ಸೆರಗಿಗೆ ಕಟ್ಟಿ ಕಳಿಸಿದಳು.

ಮರುದಿನ ಮಧ್ಯಾಹ್ನ ಆದಮ್ಮ ಹೋದಳು. ಹತ್ತುವ ಬೇನೆಯಾದ್ದರಿಂದ ಇಟ್ಟುಕೊಳ್ಳುವ ಹಾಗಿರಲಿಲ್ಲ. ದವಾಖಾನೆಯ ಹಿಂದಿನ ಬೇವಿನ ಕೆಳಗೆ ಮಣ್ಣು ಮಾಡಿದೆವು. ಅಷ್ಟರಲ್ಲಿ ಗದ್ದೆಮ್ಮನಿಗೂ ಜ್ವರ ಏರಿ ಗಂಟಲು ಬಾತಿತು. ಆಕೆಗೆ ದನಿ ಇಲ್ಲ. ತಾರು ಕೊಡು ಎಂದು ಡಾಕ್ಟರಮ್ಮ ನನಗೆ ಹೇಳಿದರು. ಇಂಗ್ಲಿಷಿನಲ್ಲಿ ನಾನೇ ಬರೆದು ನಿನ್ನ ಶಾಲೆಯ ವಿಳಾಸಕ್ಕೆ ಕಳಿಸಿದೆ, ನೀನು ಹತ್ತಿರ ಕೂತು ಹುಸೇನಪ್ಪನಿಗೆ ಹೇಳುತ್ತೀ ಎಂದು.

ಗಂಡ ಯಾಕೆ ಬರಲಿಲ್ಲ ಎಂದು ಆಕೆ ಸನ್ನೆಯಿಂದಲೂ ಕೇಳುವುದಿಲ್ಲ. ಕೇಳಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಗಾಳೆಮ್ಮ


ಸಿಂಧನೂರು
೨೩ ಜುಲೈ ೧೯೩೮

ಗಾಳೆಮ್ಮಾ,

ನಿನ್ನ ಕಾಗದ ಈಗ ಬಂತು. ಆದಮ್ಮ ಸತ್ತಿದ್ದಾಳೆಯೇ? ಹಾಗಾದರೆ ತಾರಿನಲ್ಲಿ ಅದನ್ನು ಯಾಕೆ ಬರೆಯಲಿಲ್ಲ?

'ಗದ್ದೆಮ್ಮ ಲಾಸ್ಟ್ ಚೈಲ್ಡ್ ಕಮ್ ಸೂನ್'. ನಿನ್ನ ತಾರಿನಲ್ಲಿ ಇದ್ದದ್ದು ಇಷ್ಟೇ. ಶುಕ್ರವಾರ ಹುಡುಗರ ಮುಂದೆಯೇ ಬಂತು. ಹುಸೇನಪ್ಪನನ್ನು ಕರೆಸಿ ಓದಿದೆ: 'ಗದ್ದೆಮ್ಮ ಕೂಸಿನ್ನ ಕಳಕೊಂಡಾಳಂತ, ಲಗೂನ ಬಾ ಅಂತ ಐತಪ.' ಅವನು ಬಾರಕೋಲು ಹಿಡಿದುಕೊಂಡೇ ನಿಂತಿದ್ದ. 'ಕಳಕೊಂಡಾಳ ಅಂದ್ರ?' ಎಂದು ಕೇಳಿದ. ನಾನು, 'ಎಲ್ಲೋ ತಪ್ಪಿಸಿಕೊಂಡೈತಿ. ಹುಡುಕಬೇಕು, ಸಿಗತೈತಿ ತಗೋ' ಎಂದೆ. ಎತ್ತು ಹೂಡದೆ, ಬಸ್ಸಿಗೂ ನಿಲ್ಲದೆ ಲಿಂಗಸುಗೂರಿನ ದಾರಿ ಹಿಡಿದು ಓಡಿದ.

ಮುಂದಿನದನ್ನು ಮಸ್ಕಿಯಿಂದ ಬಂದ ಗಾಡಿಯವರು ಹೇಳಿದರು. ದಾರಿಯಲ್ಲಿ ಮಸ್ಕಿಯಲ್ಲಿ ಅತ್ತೆಯನ್ನು ಕೇಳಿ ಮಕ್ತುಂಬಿಯ ಮನೆಗೆ ಹೋಗಿದ್ದಾನೆ, ಕಡೆಯ ಸಲ ಕೂಸನ್ನು ನೋಡಿದವಳು ಅವಳಲ್ಲವೇ? ಗೂಟಕ್ಕೆ ಕೂಸಿನ ಕಡಗ ತೂಗುಹಾಕಿತ್ತಂತೆ. ಕೂಗಿದ. ಜನ ಕೂಡಿತು. ಮಕ್ತುಂಬೀ, 'ಕೂಸು ತಾಯಿ ಹಂತ್ಯಾಕ ಬಿಟ್ಟು ಬಂದೀನೋ ಯಪ್ಪಾ, ಹೋಗಿ ನೋಡ್ರಿ' ಎಂದು ಬಡಿದುಕೊಂಡರೂ ಯಾರೂ ಕೇಳಲಿಲ್ಲ. ತಾರಿನಲ್ಲಿ ಬಂದ ಮಾತು ಸುಳ್ಳಾಗುತ್ತದೆಯೇ? ಅವಳು ಬಳೆ ಪೋಣಿಸಿಟ್ಟ ಮಲಾರವನ್ನು ಬೀದಿಗೆ ಒಗೆದು ತುಳಿದಿದ್ದಾರೆ. ಯಾರೋ ಕೈಯನ್ನೂ ಮಾಡಿದ್ದಾರೆ. ಹಗಲು ಚಾವಡಿಯಲ್ಲಿ ಕೂಡಿಸುತ್ತಾರೆ, ಸಂಜೆ ಮನೆಗೆ ಬಿಟ್ಟು ತಳವಾರನ ಕಾವಲು ಹಾಕುತ್ತಾರೆ. ಕೂಸನ್ನು ಯಾರಿಗೆ ಕೊಟ್ಟೆ ಹೇಳು ಎಂಬುದೊಂದೇ ಮಾತು. ಕೂಸು ಸಿಗದೆ ಹೆಂಡತಿಗೆ ಮುಖ ತೋರಿಸುವುದಿಲ್ಲ ಎಂದು ಹುಸೇನಪ್ಪ ಬಾವಿ, ಗುಡ್ಡ, ಸಂತೆ ಎಲ್ಲ ಸುತ್ತಿದ. ಪಾಮನಕಲ್ಲೂರಿನ ಕಡೆ ಗುರುತಿಲ್ಲದ ಕೂಸೊಂದು ಕಂಡಿತು ಎಂದು ಯಾರೋ ಹೇಳಿದ್ದಕ್ಕೆ ಅಲ್ಲಿಗೂ ಹೋಗಿ ಬಂದನಂತೆ.

'ಡೈಡ್' ಎಂಬ ಮಾತು ನಿನಗೆ ಬರುತ್ತಿರಲಿಲ್ಲವೇ? ರೀಡರಿನ ಮೊದಲ ಪಾಠದಲ್ಲೇ ಇದೆ. ನೀನು ಬರೆದದ್ದನ್ನು ಬರೆದ ಹಾಗೆ ಓದಿದ್ದೇನೆ. ಡಾಕ್ಟರಮ್ಮನ ಕೈಯಿಂದ, ಕೂಸು ಸತ್ತಿದೆ ಎಂದು ಒಂದು ಕಾಗದ ಬರೆಸಿ ಕಳಿಸು. ಅದನ್ನು ತೆಗೆದುಕೊಂಡು ನಾನೇ ಮಸ್ಕಿಗೆ ಹೋಗುತ್ತೇನೆ.

ಮಾನಪ್ಪ


ಲಿಂಗಸುಗೂರು
೨೫ ಜುಲೈ ೧೯೩೮

ಅಣ್ಣಾ,

'ಡೈಡ್' ಬರುತ್ತಿತ್ತು. ಕೂಸಿನ ಮೈ ತೊಳೆದ ಕೈಯಿಂದಲೇ ತಾರು ಬರೆಯಬೇಕಾಯಿತು, ಕೈ ಆ ಮಾತಿಗೆ ಏಳಲಿಲ್ಲ. ಇಲ್ಲಿ ಯಾರಾದರೂ ತೀರಿಕೊಂಡರೆ ಡಾಕ್ಟರಮ್ಮ 'ವಿ ಲಾಸ್ಟ್ ಹಿಮ್' ಎನ್ನುತ್ತಾರೆ, ದನಿ ಇಳಿಸಿ. ನಮ್ಮಲ್ಲಿ ಕೂಸು ಕೈಬಿಟ್ಟು ಹೋಯಿತು ಅನ್ನುವುದಿಲ್ಲವೇ, ಅಂಥದೇ ಮೆತ್ತಗಿನ ಮಾತು ಎಂದು ತಿಳಿದು ಬರೆದೆ. ಹುಸೇನಪ್ಪನಿಗೆ ಪೆಟ್ಟು ಮೆಲ್ಲಗೆ ಬೀಳಲಿ ಎಂದಿತ್ತು.

ನೀನು ಕೂಡ ಬರೆದ ಹಾಗೆ ಓದಿಲ್ಲ ಅಣ್ಣ. ಕಳಕೊಂಡಾಳ ಅನ್ನುವಲ್ಲಿಗೆ ನಿಲ್ಲಿಸಿದ್ದರೆ ಅವನು ಇಲ್ಲಿಗೆ ಬಂದು ಮುಟ್ಟುತ್ತಿದ್ದ. ಹುಡುಕಬೇಕು, ಸಿಗುತ್ತದೆ ಎಂಬುದು ತಾರಿನಲ್ಲಿ ಎಲ್ಲಿತ್ತು?

ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಇಂಥವಳು ಬೇಡ ಎಂದು ಮನೆಗೆ ಕಳಿಸಬಹುದೆಂದು ಬಟ್ಟೆಯ ಗಂಟು ಕಟ್ಟಿಟ್ಟೇ ಹೋಗಿ ಹೇಳಿದೆ. ಅವರು ಟೋಪಿ ತೆಗೆದು ಪಕ್ಕಕ್ಕಿಟ್ಟರು. ನನ್ನೊಡನೆ ಕನ್ನಡ ಬಿಟ್ಟವರು ಆಗ ಕನ್ನಡದಲ್ಲೇ, 'ಆ ಮಾತು ನಿನಗೆ ಕಲಿಸಿದ್ದು ನಾನು' ಎಂದರು. ಅವರು ಬರೆದ ಕಾಗದ ಇದರೊಳಗಿದೆ. ಬೇಗ ಹೋಗು. ನಮ್ಮಲ್ಲಿ ಯಾರು ತಪ್ಪು ಎಂಬುದನ್ನು ಆಮೇಲೆ ನೋಡೋಣ, ಅಲ್ಲೊಬ್ಬಳು ಚಾವಡಿಯಲ್ಲಿ ಕೂತಿದ್ದಾಳೆ.

ಗಾಳೆಮ್ಮ


ಸಿಂಧನೂರು
೨೮ ಜುಲೈ ೧೯೩೮

ಗಾಳೆಮ್ಮಾ,

ಹೋಗಿ ಬಂದೆ. ಏನೂ ಆಗಲಿಲ್ಲ.

ಚಾವಡಿಯಲ್ಲಿ ಊರ ಹಿರಿಯರೆಲ್ಲ ಇದ್ದರು, ನಿನ್ನ ಮಾವ ಆದಪ್ಪನೂ ಇದ್ದ. ನಾನು ಕಾಗದ ಬಿಚ್ಚಿ ಓದಿ, ಕೂಸು ಬೇನೆಯಿಂದ ಸತ್ತಿದೆ, ಈಕೆಯ ತಪ್ಪಿಲ್ಲ ಎಂದು ಅರ್ಥ ಹೇಳಿದೆ. ಒಬ್ಬ ಮುದುಕ ಕೇಳಿದ: 'ಮಾಸ್ತರ, ಮದಲಿನ ತಾರು ಓದಿದಾಂವ ಯಾರು?' ನಾನೇ ಎಂದೆ. 'ಇದನ್ನ ಓದಾಂವ?' ಅದೂ ನಾನೇ. 'ಅವತ್ತು ಕಳದಾಳಂದಿ, ಇವತ್ತು ಸತ್ತಾಳಂತಿ. ನಾಳಿ ಏನಂತ ಓದ್ತಿ?' ಜನ ನಕ್ಕರು. ಇಂಗ್ಲಿಷ್ ತಿಳಿದ ಇನ್ನೊಬ್ಬ ಅಲ್ಲಿ ಇರಲಿಲ್ಲ. ಅಂಥವನು ಇದ್ದಿದ್ದರೆ ಚೆನ್ನಾಗಿತ್ತು ಎಂದು ಜೀವಮಾನದಲ್ಲಿ ಮೊದಲ ಸಲ ಅನ್ನಿಸಿತು.

ಹುಸೇನಪ್ಪ ನಗಲಿಲ್ಲ. ಬಂದು ನನ್ನ ಅಂಗಿ ಹಿಡಿದ. 'ಎಷ್ಟು ರೊಕ್ಕ ಕೊಟ್ರು ನಿನಗ? ನನ್ನ ಮಗಳು ಜೀವಂತ ಐತಿ. ಮಾರೀನೂ ನೋಡಿಲ್ಲ, ಮಣ್ಣೂ ಹಾಕಿಲ್ಲ, ಹೆಂಗ ಸಾಯ್ತೈತಿ ನನ್ನ ಮಗಳು?' ಗಡ್ಡ ಬಿಟ್ಟಿದ್ದಾನೆ. ಕಾಲು ಒಡೆದು ರಕ್ತ ಬರುತ್ತಿದೆ. ಮಕ್ತುಂಬೀ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ನಾನು ಹೇಳಿದ್ದು ಅವಳಿಗೆ ಕೇಳಿಸಿತೋ ಇಲ್ಲವೋ. ಹೊರಗೆ ಅವಳ ಗಂಡ ಗೌಸ್‌ಸಾಬ್ ಬುತ್ತಿ ಹಿಡಿದು ನಿಂತಿದ್ದ. ಹುಸೇನಪ್ಪ ಹುಟ್ಟಿದ್ದೇ ಅವನ ಅವ್ವ ಮೊಹರಮ್ಮಿನ ಅಲಾಯಿ ಹಬ್ಬಕ್ಕೆ ಹರಕೆ ಹೊತ್ತ ಮೇಲೆ. ಪ್ರತಿ ವರ್ಷ ಆ ಗೌಸ್‌ಸಾಬನ ಹೆಗಲ ಮೇಲೆ ಕೈ ಹಾಕಿ ಕುಣಿದವನು. ಈಗ ಅವನ ಮುಂದೆ ಹಾದುಹೋದರೂ ನೋಡುವುದಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ. ಆ ದಿನ 'ಅಂದ್ರ?' ಎಂದು ಅವನು ಕೇಳಿದಾಗ ಇನ್ನೊಂದು ಅರ್ಥ ನನ್ನ ತಲೆಯಲ್ಲಿ ಸುಳಿದು ಹೋಯಿತು. ಅವನ ಮುಖ ನೋಡಿದೆ. ಬಾಯಿಂದ ಹೊರಟಿದ್ದು ಮಾತ್ರ ಸಿಗತೈತಿ ತಗೋ ಎಂಬುದು.

ಚಾವಡಿಯವರಿಗೆ ಕಾಗದ ಬೇಕಿಲ್ಲ, ಕಣ್ಣಿಂದ ಕಂಡವರು ಬೇಕು. ಗದ್ದೆಮ್ಮ ಏಳುವ ಹಾಗಿಲ್ಲ. ಇನ್ನು ಕಂಡವಳು ನೀನೊಬ್ಬಳು. ಆ ಊರಿಗೆ ಹೋಗು ಎಂದು ನಿನಗೆ ನಾನು ಹೇಳುವುದಿಲ್ಲ, ಹೇಳುವ ಬಾಯಿ ನನಗಿಲ್ಲ.

ಮಾನಪ್ಪ


ಲಿಂಗಸುಗೂರು
೩ ಆಗಸ್ಟ್ ೧೯೩೮

ಅಣ್ಣಾ,

ಮಸ್ಕಿಗೆ ಹೋಗಿ ಬಂದೆ. ಮಕ್ತುಂಬಿಯನ್ನು ಬಿಟ್ಟರು.

ಪಂಚಮಿಯ ಸಡಗರ, ಬಸ್ಸಿನ ತುಂಬ ತವರಿಗೆ ಹೊರಟ ಹೆಂಗಸರು. ಇಳಿದ ಮೇಲೆ ಬೇವಿನ ಮರಗಳಿಗೆಲ್ಲ ಜೋಕಾಲಿ. ತಲೆಯ ಮೇಲೆ ಸೆರಗು ಎಳೆದುಕೊಂಡು ನಡೆದರೂ ಗುರುತು ಹಿಡಿದರು. ಚಾವಡಿ ಕಟ್ಟೆಯ ಮೇಲೆ ಮಾವ ಕೂತಿದ್ದ.

'ಯಾವ ಮಾರಿ ಹೊತ್ತು ಬಂದಿ?' ಅಂದ.

'ಸಾಕ್ಷಿ ಹೇಳಾಕ ಬಂದೀನ್ರಿ' ಅಂದೆ. ಕಟ್ಟೆ ಹತ್ತಿದೆ.

ಹುಸೇನಪ್ಪ ಕಂಬಕ್ಕೆ ಒರಗಿದ್ದ. ನಾನು ಅವನ ಎದುರಿಗೆ ಕೂತೆ. ದಾರಿಯುದ್ದಕ್ಕೂ ಹೇಗೆ ಹೇಳಲಿ ಎಂದು ಹೊಂದಿಸಿಕೊಂಡಿದ್ದ ಮಾತುಗಳನ್ನೆಲ್ಲ ಬಿಟ್ಟೆ. 'ಹುಸೇನಣ್ಣ, ಆದಮ್ಮ ಕಳದಿಲ್ಲ. ಸತ್ತಾಳ. ನನ್ನ ತೊಡಿ ಮ್ಯಾಲ ಸತ್ತಾಳ.'

'ಸುಳ್ಳು. ಅಣ್ಣ ತಂಗಿ ಕೂಡಿ ನಾಟಕ ಹೂಡೀರಿ.'

'ಸತ್ತಾಳ. ನಾನ ಮೈ ತೊಳದೀನಿ. ಎಡಗಾಲ ಹಿಮ್ಮಡದ ಮ್ಯಾಲ ಸುಟ್ಟ ಕಲಿ ಇತ್ತು.'

ಅವನ ಕೈ ತನ್ನ ಹಿಮ್ಮಡಕ್ಕೆ ಹೋಯಿತು. 'ಚಿಲಮಿ ಕೆಂಡ ಬಿದ್ದಿತ್ತು' ಅಂದ. 'ನನ್ನ ಚಿಲಮಿ.' ಹಾಗೇ ತಲೆಯನ್ನು ಕಂಬಕ್ಕೆ ಕುಟ್ಟತೊಡಗಿದ. ಇಬ್ಬರು ಹಿಡಿದರು.

ಆಗ ಮೂಲೆಯಿಂದ ಮಕ್ತುಂಬೀ ಎದ್ದು ಬಂದಳು. ಆಕೆಯನ್ನು ಬೈಯುವುದಕ್ಕೆ, ಬಡಿಯುವುದಕ್ಕೆ ಎಲ್ಲರಿಗೂ ಪುರಸೊತ್ತಿತ್ತು. ಕೂಸು ಸತ್ತಿತು ಎಂದು ಆಕೆಯ ಮುಂದೆ ನಿಂತು ಯಾರೂ ಹೇಳಿರಲಿಲ್ಲ. ನೀನು ಓದಿದ್ದನ್ನು ನಂಬಬಾರದೆಂದು ಆಕೆಯೂ ಹಟ ಹಿಡಿದಿದ್ದಳಂತೆ. 'ಆದಿ ಖರೇನ ಸತ್ತಾಳೇನ ಬೇ? ಬಸ್ಸಿನ್ಯಾಗ ನನ್ನ ಮಡಲಾಗ ಮಕ್ಕೊಂಡಿತ್ತಲ್ಲ' ಅಂದಳು. ಹೂಂ ಎಂದೆ. ನೆಲಕ್ಕೆ ಕೂತು ಅತ್ತಳು. ತನ್ನ ಮೇಲೆ ಬಿದ್ದ ಪೆಟ್ಟಿಗೆ ಆಕೆ ಅತ್ತಿರಲಿಲ್ಲ ಎಂದು ಆಮೇಲೆ ತಳವಾರ ಹೇಳಿದ. ಹಿರಿಯರು ಒಬ್ಬೊಬ್ಬರಾಗಿ ಎದ್ದು ಚಪ್ಪಲಿ ಹುಡುಕಿಕೊಂಡರು. ತಪ್ಪಾಯಿತು ಎಂದು ಒಬ್ಬರೂ ಅನ್ನಲಿಲ್ಲ. ಮಾವ ಹೋಗುವಾಗ, 'ಉಂಡು ಹೋಗು' ಅಂದ. ನಾನು ಉಣ್ಣಲಿಲ್ಲ.

ಹುಸೇನಪ್ಪನನ್ನು ಕರೆದುಕೊಂಡೇ ಬಂದೆ. ಗದ್ದೆಮ್ಮನಿಗೆ ಈಗ ಸ್ವಲ್ಪ ದನಿ ಬಂದಿದೆ. ಗಂಡ ಬಾಗಿಲಲ್ಲಿ ನಿಂತದ್ದನ್ನು ನೋಡಿ, 'ಜಲ್ದಿ ಬರಬಾರ್ದೇನು?' ಎಂದಳು.

'ಹುಡುಕಾಕತ್ತಿದ್ದೆ.'

'ಯಾರ್ನ?'

ನಾನು ಹೊರಗೆ ಬಂದೆ. ಹುಸೇನಪ್ಪ ಸಂಜೆಯ ತನಕ ಬೇವಿನ ಕೆಳಗೆ ಮಗಳ ಮಣ್ಣಿನ ಮೇಲೆ ಅಂಗೈ ಊರಿ ಕೂತಿದ್ದ. ಬೆಳಿಗ್ಗೆ ಡಾಕ್ಟರಮ್ಮ ಅವನ ಕಾಲಿಗೆ ಪಟ್ಟಿ ಕಟ್ಟಿದರು.

ಗಾಳೆಮ್ಮ


ಪಾಮನಕಲ್ಲೂರು
೩೦ ಅಕ್ಟೋಬರ್ ೧೯೩೮

ತಂಗಿ ಗಾಳೆಮ್ಮಗೆ ಆಶೀರ್ವಾದ.

ವಿಳಾಸ ನೋಡಿ ಗಾಬರಿಯಾಗಬೇಡ. ಮೇಲಿನವರಿಗೆ ಬೇರೆಯವರ ಬಾಯಿಂದ ತಿಳಿಯುವುದಕ್ಕಿಂತ ಮೊದಲು ನಡೆದದ್ದನ್ನು ನಾನೇ ಬರೆದುಕೊಟ್ಟೆ. ನೌಕರಿ ಉಳಿಯಿತು, ಈ ಊರಿಗೆ ಹಾಕಿದರು. ಅವ್ವನಿಗೆ ಇಲ್ಲಿಯ ನೀರು ಹಿಡಿಸಿದೆ. ಇಲ್ಲಿ ಇಂಗ್ಲಿಷ್ ಓದು ಎಂದು ಯಾರೂ ಬರುವುದಿಲ್ಲ.

ಗದ್ದೆಮ್ಮ ಸಿಂಧನೂರಿಗೆ ಬಂದದ್ದು ನಿನಗೆ ಗೊತ್ತು. ಆಮೇಲಿನದು ಗೊತ್ತಿಲ್ಲ. ಅಡಿಗೆ ಮಾಡುತ್ತಾಳೆ, ಎತ್ತಿಗೆ ನೀರು ಕುಡಿಸುತ್ತಾಳೆ, ಗಂಡನೊಡನೆ ಮಾತಿಲ್ಲ. ಅಳುವುದೂ ಇಲ್ಲ. ದೀಪಾವಳಿ ಮುಗಿದ ಮೇಲೆ ಹುಸೇನಪ್ಪ ಗಾಡಿ ಹೂಡಿಕೊಂಡು ನನ್ನನ್ನು ಹುಡುಕಿ ಇಲ್ಲಿಗೆ ಬಂದ. ಅಂದು ನನ್ನ ಅಂಗಿ ಹಿಡಿದವನು, ಈಗ ಜಗಲಿ ಹತ್ತದೆ ಕೆಳಗೇ ನಿಂತ. 'ಮಕ್ತುಂಬೀಗೆ ಒಂದು ಕಾಗದ ಬರದು ಕೊಡ್ರಿ ಮಾಸ್ತರ' ಅಂದ. 'ಏನಂತ ಬರೀಲಿ?' ಎಂದೆ. 'ಅದು ನನಗ ತಿಳದಿದ್ರ ನಿಮ್ಮ ಹಂತ್ಯಾಕ ಯಾಕ ಬರ್ತಿದ್ದೆ?'

ನಾನು ಮಸಿ ದೌತಿಯ ಮುಚ್ಚಳವನ್ನೇ ತೆಗೆಯಲಿಲ್ಲ. ಅದೇ ಗಾಡಿಯಲ್ಲಿ ಮಸ್ಕಿಗೆ ಹೋದೆವು.

ಗೌಸ್‌ಸಾಬ್ ಅಂಗಳದಲ್ಲಿ ಮಲಾರಕ್ಕೆ ಬಳೆ ಪೋಣಿಸುತ್ತಿದ್ದ. ಈಗ ಊರೊಳಗೆ ಅವನೇ ಮಾರುತ್ತಾನಂತೆ, ಮಕ್ತುಂಬೀ ಆ ಬೀದಿಗಳಿಗೆ ಕಾಲಿಡುವುದಿಲ್ಲ. ಹುಸೇನಪ್ಪ ಬಾಗಿಲ ಮುಂದೆ ರುಮಾಲು ಬಿಚ್ಚಿ ನೆಲಕ್ಕಿಟ್ಟು, ತಪ್ಪಾತು ಎಂದ. ನಾನೂ ಕೈ ಮುಗಿದು ಅದನ್ನೇ ಅಂದೆ. ಮಕ್ತುಂಬೀ ಒಳಗೆ ಇದ್ದಳು.

'ನಿಮ್ಮಿಬ್ಬರ ಜೋಡಿ ನನಗ ಮಾತಿಲ್ಲ' ಎಂದು ಅಲ್ಲಿಂದಲೇ ಹೇಳಿದಳು. ಮುಖ ತೋರಿಸಲಿಲ್ಲ. 'ಗದ್ದೆಮ್ಮನ್ನ ಕರಕೊಂಡು ಬರ್ರಿ.'

ಮರುದಿನ ಸಿಂಧನೂರಿನಿಂದ ಗದ್ದೆಮ್ಮನನ್ನು ಕರೆತಂದೆವು. ಎಲ್ಲಿಗೆ ಎಂದು ಆಕೆ ದಾರಿಯಲ್ಲಿ ಕೇಳಲಿಲ್ಲ. ಆ ಬಾಗಿಲ ಮುಂದೆ ಗಾಡಿ ನಿಂತಾಗ ಮಾತ್ರ, ಹಿಡಿದುಕೊಳ್ಳಲು ಹೋದ ನಮ್ಮನ್ನು ಸರಿಸಿ ತಾನೇ ಇಳಿದಳು. ಒಳಗೆ ಹೋದಳು. ಬಾಗಿಲು ಅರ್ಧ ಮುಚ್ಚಿತು.

ನಾವು ಮೂವರು ಗಂಡಸರು ಕಟ್ಟೆಯ ಮೇಲೆ ಕೂತೆವು. ಮೊದಲು ಮಕ್ತುಂಬಿಯ ದನಿ, ಏನೋ ಕೇಳುತ್ತಿದ್ದಳು. ಆಮೇಲೆ ಗದ್ದೆಮ್ಮ ಅಳುವುದು ಕೇಳಿಸಿತು, ಬಸುರಿ ಹೆರಿಗೆಯ ಬೇನೆ ತಿನ್ನುವ ಹಾಗೆ, ಓಣಿಯವರು ಹೊರಗೆ ಬಂದು ನಿಲ್ಲುವ ಹಾಗೆ. ಹುಸೇನಪ್ಪ ಎದ್ದು ಬಾಗಿಲ ಕಡೆಗೆ ಹೊರಟ. ಗೌಸ್‌ಸಾಬ್ ಬಳೆ ಬಿಟ್ಟು ಅವನ ಕೈ ಹಿಡಿದ.

'ಕುಂದ್ರೋ' ಅಂದ. 'ಅಳ್ಲಿ ಬಿಡು.'

ಹುಸೇನಪ್ಪ ಕೂತ. ಗೌಸ್‌ಸಾಬ್ ಹಿಡಿದ ಕೈಯನ್ನು ಕೂಡಲೇ ಬಿಡಲಿಲ್ಲ. ನಾವು ಹೊತ್ತು ಇಳಿಯುವ ತನಕ ಹಾಗೆಯೇ ಕೂತಿದ್ದೆವು.

ಮಾನಪ್ಪ